ಚಾಪೆಲ್‌ನಲ್ಲಿ ತೂಕಡಿಕೆ: ಕಾರ್ಮೆಲ್ ಸೇರಲೇ?

ಪ್ರಶ್ನೆ: ನಾನು ಕಥೋಲಿಕ ಸಿಸ್ಟರ್. ಕೊನೆಯ ವ್ರತ ತೆಗೆದುಕೊಂಡು ಬಹಳ ವರ್ಷಗಳಾದವು. ನಮ್ಮ ಶಾಲೆಗೆ ಹೆಡ್‌ಮಿಸ್ಟ್ರೆಸ್, ಜೊತೆಗೆ ಬೋರ್ಡಿಂಗ್ ವಾರ್ಡನ್. ಬೆಳಗಿನ ಧ್ಯಾನಕ್ಕೆ ಕೂತರೆ ನಿದ್ದೆ, ಇಲ್ಲವೇ ಶಾಲೆಯ ಕಡತಗಳ ನೆನಪು. ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್‌ಗೆ ಹೇಳಿದರೆ ‘ಸೇವೆಯೇ ಪ್ರಾರ್ಥನೆ’ ಎನ್ನುತ್ತಾರೆ. ಎಲ್ಲ ಬಿಟ್ಟು ಹೊರಗೆ ಬಾರದ ಕಾರ್ಮೆಲ್ ಮಠ ಸೇರೋಣ ಅನಿಸುತ್ತದೆ. ಇದು ದೇವರ ಕರೆಯೋ, ತಪ್ಪಿಸಿಕೊಳ್ಳುವ ಆಸೆಯೋ?

ಪ್ರೀತಿಯ ಸಿಸ್ಟರ್,

ಕರೆಯ ಮಾತು ಆಮೇಲೆ. ನಿಮಗೆ ಮೊದಲು ನಿದ್ದೆ ಬೇಕು. ಹಗಲೆಲ್ಲ ಶಾಲೆ, ರಾತ್ರಿ ಬೋರ್ಡಿಂಗ್ ಮಕ್ಕಳ ಜ್ವರ, ಜಗಳ. ಇಬ್ಬರ ಕೆಲಸ ಒಬ್ಬರೇ ಮಾಡಿದರೆ ಬೆಳಗ್ಗೆ ಕಣ್ಣು ಮುಚ್ಚಿದಾಗ ಇನ್ನೇನು ಬರುತ್ತದೆ?

‘ಸೇವೆಯೇ ಪ್ರಾರ್ಥನೆ’ ಸುಳ್ಳಲ್ಲ, ಅರ್ಧ ಮಾತು ಅಷ್ಟೇ. 1633ರಲ್ಲಿ ಪ್ಯಾರಿಸ್‌ನಲ್ಲಿ ಡಾಟರ್ಸ್ ಆಫ್ ಚಾರಿಟಿ ಎಂಬ ಸಿಸ್ಟರ್‌ಗಳ ಸಭೆ (ಸಂಘ) ಕಟ್ಟಿದ ಸಂತ ವಿನ್ಸೆಂಟ್ ದ ಪಾಲ್, ಪ್ರಾರ್ಥನೆಯ ಹೊತ್ತಿನಲ್ಲಿ ಬಡವರು ಕರೆದರೆ ಎದ್ದು ಹೋಗಿ, ಅಲ್ಲೂ ದೇವರೇ ಇದ್ದಾನೆ ಎಂದಿದ್ದರು. ಅದು ತುರ್ತಿನ ಮಾತು. ಅಡ್ಮಿಷನ್ ರಿಜಿಸ್ಟರ್‌ಗೂ ಅದನ್ನೇ ಹಚ್ಚಿದರೆ ಹೇಗೆ? ದಿನವೂ ಧ್ಯಾನ ಮಾಡಿ ಎಂದವರೂ ಅವರೇ ಅಲ್ವಾ! ಚರ್ಚ್ ಕಾನೂನಿನ 663ನೇ ವಿಧಿ ಕೂಡ ನಿಮ್ಮಂಥವರ ಮೊದಲ ಕರ್ತವ್ಯ ಪ್ರಾರ್ಥನೆಯಲ್ಲಿ ದೇವರೊಂದಿಗೆ ಒಂದಾಗಿರುವುದು ಎನ್ನುತ್ತದೆ. ಇದನ್ನು ಸುಪೀರಿಯರ್‌ಗೆ ಧಾರಾಳವಾಗಿ ನೆನಪಿಸಿ.

ಇನ್ನು ಕಾರ್ಮೆಲ್. ಅಲ್ಲಿ ಆರಾಮ ಸಿಗುತ್ತದೆ ಅಂದುಕೊಳ್ಳಬೇಡಿ. ದಿನಕ್ಕೆ ಎರಡು ಗಂಟೆ ಮೌನ ಪ್ರಾರ್ಥನೆ, ಹೊತ್ತು ಹೊತ್ತಿಗೆ ಕೀರ್ತನೆಗಳು, ಅದರ ಮೇಲೆ ಮೈಮುರಿವ ಕೆಲಸ. ಸಾಯುವವರೆಗೂ ಅವೇ ಕೆಲವು ಮುಖಗಳು. ಇಲ್ಲಿ ಸುಪೀರಿಯರ್ ಮೇಲೆ ಸಿಟ್ಟು ಬಂದರೆ ಶಾಲೆಗೆ ಹೋಗಿ ಮರೆಯುತ್ತೀರಿ. ಅಲ್ಲಿ ಎಲ್ಲಿಗೆ ಹೋಗುತ್ತೀರಿ?

ಹಾಗಂತ ನಿಮ್ಮ ಆಸೆಯನ್ನು ನಾನು ತಳ್ಳಿಹಾಕಲಾರೆ. ಮದರ್ ವೆರೋನಿಕಾ ಅವರೂ ಮೊದಲು ಬೇರೊಂದು ಸಭೆಯಿಂದ ಕಲ್ಲಿಕೋಟೆಯಲ್ಲಿ ಸೇವೆ ಮಾಡಿ, ಆಮೇಲೆ ಫ್ರಾನ್ಸಿನ ಕಾರ್ಮೆಲ್ ಸೇರಿದವರು. 1868ರಲ್ಲಿ ಅವರು ಕಟ್ಟಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯಲ್ಲಿ ಮಠದ ಪ್ರಾರ್ಥನೆಯೂ ಇತ್ತು, ಶಾಲೆಯೂ ಇತ್ತು. ಅದರ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದರು. ಮದರ್ ವೆರೋನಿಕಾ ಮಾತ್ರ ಕೊನೆಗೆ ಮಠಕ್ಕೇ ಮರಳಿದರು. ಅಂಥ ಸೆಳೆತ ನಿಜವಾಗಿಯೂ ಇರುತ್ತದೆ.

ಈಗಲೇ ತೀರ್ಮಾನ ಬೇಡ. ವಾರ್ಡನ್ ಕೆಲಸ ಬಿಡಿಸಿ ಎಂದು ಬರೆದುಕೊಡಿ. ಆರು ತಿಂಗಳು ಸರಿಯಾಗಿ ಮಲಗಿ. ಧ್ಯಾನವನ್ನು ನಿದ್ದೆ ಬಾರದ ಹೊತ್ತಿಗೆ ಬದಲಿಸಿಕೊಳ್ಳಿ, ಫೋನ್ ಆಫೀಸಿನಲ್ಲೇ ಇರಲಿ. ಮೈಮನಸ್ಸು ಹಗುರವಾದ ಮೇಲೂ ಕಾರ್ಮೆಲ್ ಸೆಳೆದರೆ, ನಿಮ್ಮ ಮೇಲೆ ಅಧಿಕಾರವಿಲ್ಲದ ಒಬ್ಬ ಆತ್ಮಿಕ ಮಾರ್ಗದರ್ಶಕರ ಬಳಿ ಮಾತಾಡಿ. ಸಭೆ ಬದಲಿಸಲು ಎರಡೂ ಕಡೆಯ ಒಪ್ಪಿಗೆ ಬೇಕು, ಕನಿಷ್ಠ 3 ವರ್ಷ ಪರೀಕ್ಷೆಯ ಕಾಲವೂ ಇದೆ. ಅವಸರವೇನಿಲ್ಲ.

ಸುಪೀರಿಯರ್ ಒಪ್ಪದಿದ್ದರೆ, ಅವರ ಮೇಲಿನ ಪ್ರೊವಿನ್ಶಿಯಲ್ (ನಿಮ್ಮ ಸಭೆಯ ಪ್ರಾಂತ್ಯದ ಮುಖ್ಯಸ್ಥೆ) ಕಾನ್ವೆಂಟ್ ಭೇಟಿಗೆ ಬಂದಾಗ ನೇರವಾಗಿ ಹೇಳಿ. ಆ ಭೇಟಿ ಇರುವುದೇ ಅದಕ್ಕೆ. ‘ಎಲ್ಲ ಚೆನ್ನಾಗಿದೆ ಮದರ್’ ಅಂತ ನಕ್ಕು, ಟೀ ಕೊಟ್ಟು ಕಳಿಸಿಬಿಡಬೇಡಿ.