ಎಎಫ್‌ಪಿ ನಾರ್ಮಲ್ ಬಂದಿದೆ ಅಂತ ಕಾಯಬೇಡಿ

ನಿಮ್ಮ ತಂಗಿಗೆ 19 ವರ್ಷ, ಲಿವರ್‌ನಲ್ಲಿ ದೊಡ್ಡ ಗಡ್ಡೆ, ಲಿವರ್ ಕ್ಯಾನ್ಸರ್ ಅನುಮಾನಕ್ಕೆ ಮಾಡಿಸುವ ಎಎಫ್‌ಪಿ ರಕ್ತಪರೀಕ್ಷೆ ನಾರ್ಮಲ್. ಆರು ತಿಂಗಳು ಕಾಯೋದಾ, ಕೀಮೋ ಶುರು ಮಾಡಿಸೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಗಡ್ಡೆ ಯಾವುದು ಅಂತಲೇ ಇನ್ನೂ ಗೊತ್ತಾಗಿಲ್ಲ, ಅಲ್ವಾ?

ನನ್ನ ತಮ್ಮನಿಗೆ ಆಗ 21. ಊಟ ಸೇರುತ್ತಿರಲಿಲ್ಲ, ಬಲಗಡೆ ಪಕ್ಕೆಯ ಕೆಳಗೆ ಭಾರ ಅನ್ನುತ್ತಿದ್ದ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡಿಸುತ್ತಾ ಬಂದೆವು. ಕೊನೆಗೆ ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆ ಕಂಡಿತು. ನೋಡಲು ಬಂದ ನೆಂಟರೆಲ್ಲ ಅಮ್ಮನನ್ನ ಕೇಳಿದ್ದು ಒಂದೇ ಮಾತು, "ಹುಡುಗ ಕುಡೀತಿದ್ನಾ?" ಅವನು ಕುಡಿದವನೇ ಅಲ್ಲ. ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ, ಸಿರೋಸಿಸ್ ಇಲ್ಲ. ಆಮೇಲೆ ಎಎಫ್‌ಪಿ ಕೂಡ ನಾರ್ಮಲ್ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಗಡ್ಡೆಯ ನಡುವೆ ಗಾಯದ ಕಲೆಯಂಥ ಗುರುತು ಇತ್ತು. ಎಫ್‌ಎನ್‌ಎಚ್ ಇರಬೇಕು, ಅಪಾಯವಿಲ್ಲದ ಗಡ್ಡೆ, ಸ್ವಲ್ಪ ದಿನ ಬಿಟ್ಟು ನೋಡೋಣ ಅಂದರು. ಅಪ್ಪ ಹರಕೆ ತೀರಿಸಿ ಬಂದರು.

ನಾವು ಎಡವಿದ್ದು ಇಲ್ಲೇ. ಎಎಫ್‌ಪಿ ಅನ್ನೋದು ರಕ್ತದಲ್ಲಿರುವ ಒಂದು ಪ್ರೋಟೀನ್. ಲಿವರ್ ಕ್ಯಾನ್ಸರ್‌ನ ಸಾಮಾನ್ಯ ಬಗೆಯಲ್ಲಿ ಅದು ಬಹಳಷ್ಟು ಜನರಿಗೆ ಏರುತ್ತದೆ. ಫೈಬ್ರೊಲ್ಯಾಮೆಲ್ಲರ್ ಕಾರ್ಸಿನೋಮಾ ಅನ್ನೋ ಅಪರೂಪದ ಬಗೆಯಲ್ಲಿ ಸಾಮಾನ್ಯವಾಗಿ ಏರುವುದೇ ಇಲ್ಲ. ಅದು ಬರುವುದೂ ಹೆಚ್ಚಾಗಿ ಹದಿಹರೆಯದವರಿಗೆ, ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ, ಉಳಿದ ಲಿವರ್ ಚೆನ್ನಾಗಿರುವವರಿಗೆ. ಚಿಕ್ಕ ವಯಸ್ಸು, ಹೆಪಟೈಟಿಸ್ ಇಲ್ಲ, ಎಎಫ್‌ಪಿ ನಾರ್ಮಲ್ ಅಂತ ನಾವು ಯಾವುದನ್ನು ನೋಡಿ ಧೈರ್ಯ ತಂದುಕೊಂಡೆವೋ ಅದೆಲ್ಲ ಈ ಕಾಯಿಲೆಯವರಲ್ಲೇ ಕಾಣುವಂಥದ್ದು. ನಡುವಿನ ಕಲೆಯೂ ಅಷ್ಟೇ, ಎಫ್‌ಎನ್‌ಎಚ್‌ನಲ್ಲೂ ಇರುತ್ತದೆ, ಇದರಲ್ಲೂ ಇರುತ್ತದೆ. ಎಂಆರ್‌ಐ ಮಾಡಿಸಿರಲಿಲ್ಲ. ಬಯಾಪ್ಸಿ ಮಾತು ಬಂದಾಗ, ಸೂಜಿ ಚುಚ್ಚಿದರೆ ಹರಡುತ್ತೆ ಅಂತ ಮನೆಯವರೇ ಬೇಡ ಅಂದೆವು. ಬೇಕು ಅಂದ ಚಿಕ್ಕಪ್ಪನ ಬಾಯನ್ನ ಎಎಫ್‌ಪಿ ರಿಪೋರ್ಟ್ ತೋರಿಸಿ ಮುಚ್ಚಿಸಿದವಳು ನಾನು.

ಮುಂದಿನ ಸ್ಕ್ಯಾನ್ ಹೊತ್ತಿಗೆ ಗಡ್ಡೆ ಬೆಳೆದಿತ್ತು. ಲಿವರ್ ಬುಡದ ಲಿಂಫ್ ಗ್ರಂಥಿಗಳು ಊದಿದ್ದವು. ಬೇರೆ ಊರಿನ ಲಿವರ್ ಸರ್ಜನ್ ಒಬ್ಬರು ಗಡ್ಡೆಯ ಜೊತೆಗೆ ಆ ಗ್ರಂಥಿಗಳನ್ನೂ ತೆಗೆದರು. ಪೆಥಾಲಜಿಯಲ್ಲಿ ಸಿಕೆ7, ಸಿಡಿ68 ಅನ್ನೋ ಗುರುತಿನ ಪ್ರೋಟೀನ್ ಎರಡೂ ಪಾಸಿಟಿವ್ ಬಂತು, ಫೈಬ್ರೊಲ್ಯಾಮೆಲ್ಲರ್ ಅಂತ ಖಚಿತವಾಯಿತು. ಈಗ ಇದಕ್ಕೆ ಇನ್ನೂ ಗಟ್ಟಿಯಾದ ಗುರುತು ಇದೆ. 2014ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ 15 ಗಡ್ಡೆಗಳಲ್ಲೂ ಒಂದೇ ಬಗೆಯ ಜೀನ್ ಬೆಸುಗೆ ಸಿಕ್ಕಿತು, ಡಿಎನ್‌ಎಜೆಬಿ1 ಮತ್ತು ಪಿಆರ್‌ಕೆಎಸಿಎ ಅನ್ನೋ ಎರಡು ಜೀನ್ ಸೇರಿಕೊಂಡದ್ದು. ಆ ಕೆಲಸದಲ್ಲಿ ಕೈಜೋಡಿಸಿದ್ದ ಎಲಾನಾ ಸೈಮನ್‌ಗೆ 12ನೇ ವಯಸ್ಸಿನಲ್ಲಿ ಇದೇ ಕ್ಯಾನ್ಸರ್ ಆಗಿತ್ತು. ನಮ್ಮ ಮನೆಯಲ್ಲಿ ಆ ಹುಡುಗಿಯ ಹೆಸರು ಎಲ್ಲರಿಗೂ ಗೊತ್ತು.

ತಮ್ಮನಿಗೆ ಗ್ರಂಥಿಯಲ್ಲಿ ಮತ್ತೆ ಬಂತು, ಮತ್ತೆ ಆಪರೇಷನ್ ಆಯಿತು. ಈಗ ಕೆಲಸಕ್ಕೆ ಹೋಗುತ್ತಿದ್ದಾನೆ, ಸ್ಕ್ಯಾನ್ ತಪ್ಪಿಸುವುದಿಲ್ಲ. ಈ ಕಾಯಿಲೆ ವರ್ಷಗಳ ಮೇಲೂ ತಿರುಗಿ ಬರುತ್ತದೆ.

ನಿಮ್ಮ ತಂಗಿಯದು ಎಫ್‌ಎನ್‌ಎಚ್ಚೇ ಇರಬಹುದು. ಅದು ಹೆಣ್ಣುಮಕ್ಕಳಲ್ಲೇ ಜಾಸ್ತಿ, ಫೈಬ್ರೊಲ್ಯಾಮೆಲ್ಲರ್‌ಗಿಂತ ಎಷ್ಟೋ ಸಾಮಾನ್ಯ. ಹಾಗೇ ಆಗಲಿ. ಆದರೆ ಅದನ್ನ ಎಂಆರ್‌ಐ ಹೇಳಬೇಕು, ಎಎಫ್‌ಪಿ ಅಲ್ಲ. ಲಿವರ್‌ಗೆಂದೇ ಇರುವ ಕಾಂಟ್ರಾಸ್ಟ್ ಹಾಕಿ ಮಾಡಿಸಿ. ಎಫ್‌ಎನ್‌ಎಚ್ ಸಾಮಾನ್ಯವಾಗಿ ಆ ಕಾಂಟ್ರಾಸ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಫೈಬ್ರೊಲ್ಯಾಮೆಲ್ಲರ್ ಹಿಡಿದಿಡುವುದಿಲ್ಲ. ಅದರ ಮೇಲೂ ಅನುಮಾನ ಉಳಿದರೆ ಬಯಾಪ್ಸಿ ಬೇಕಾ, ನೇರ ಆಪರೇಷನ್ನಾ ಅಂತ ಲಿವರ್ ಸರ್ಜನ್ ತೀರ್ಮಾನಿಸಲಿ, ನೆಂಟರಲ್ಲ. ಬಯಾಪ್ಸಿ ಆದರೆ ಬ್ಲಾಕ್ (ತೆಗೆದ ತುಣುಕನ್ನ ಮೇಣದಲ್ಲಿ ಇಟ್ಟಿದ್ದು), ಸ್ಲೈಡ್ ಎರಡನ್ನೂ ಕೇಳಿ ತೆಗೆದುಕೊಂಡು ಲಿವರ್ ಗಡ್ಡೆಗಳನ್ನ ಹೆಚ್ಚು ನೋಡಿರುವ ಇನ್ನೊಂದು ಕಡೆ ಓದಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಮುಂಬೈನ ಟಾಟಾ ಮೆಮೋರಿಯಲ್ ಇದೆ.

ಕೀಮೋ ಬಗ್ಗೆ ನನ್ನ ಮಾತು ಖಡಕ್ಕಾಗಿ ಕೇಳಿಸಬಹುದು. ಫೈಬ್ರೊಲ್ಯಾಮೆಲ್ಲರ್‌ಗೆ ಇದೇ ಸರಿ ಅಂತ ಎಲ್ಲರೂ ಒಪ್ಪಿದ ಕೀಮೋ ಇಲ್ಲ. ತೆಗೆಯಲು ಬರುವ ಗಡ್ಡೆಯನ್ನ ಪೂರ್ತಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ತೆಗೆಯಲು ಬರುವುದಿಲ್ಲ ಅಂತ ಒಬ್ಬರು ಅಂದರೆ ಇನ್ನೊಬ್ಬ ಲಿವರ್ ಸರ್ಜನ್‌ಗೆ ಫಿಲ್ಮ್ ತೋರಿಸದೆ ಒಪ್ಪಬೇಡಿ.

ಇನ್ನೊಂದು ವಿಷಯ ನಮಗೆ ಬಹಳ ತಡವಾಗಿ ತಿಳಿಯಿತು. ಇದು ಫೈಬ್ರೊಲ್ಯಾಮೆಲ್ಲರ್ ಆಗಿದ್ದರೆ, ಲಿವರ್ ಟೆಸ್ಟ್ ಚೆನ್ನಾಗಿದ್ದರೂ ರಕ್ತದಲ್ಲಿ ಅಮೋನಿಯಾ ಏರಬಹುದು. ತಂಗಿ ಮಂಕಾದರೆ, ಮಾತು ತಡವರಿಸಿದರೆ, ಸುಸ್ತು ಅಂತ ಮಲಗಿಸಬೇಡಿ. ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಅಮೋನಿಯಾ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ.