ಸಿಲ್ವರ್ ಓಕ್, ವೈಟ್ ಓಕ್ ಎರಡೂ ಒಂದೇನಾ?

ಊಟದ ಟೇಬಲ್ಲಿಗೆ ಬೆಂಗಳೂರಿನ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಒಬ್ಬರು ಸಿಲ್ವರ್ ಓಕ್, ಇನ್ನೊಬ್ಬರು ವೈಟ್ ಓಕ್ ಅಂತ ದರ ಹೇಳಿದ್ದಾರೆ, ಎರಡೂ ಒಂದೇನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಸಿಲ್ವರ್ ಓಕ್ ಅಂದರೆ ಗ್ರೆವಿಲಿಯ ರೋಬಸ್ಟಾ. ಮೂಲ ಆಸ್ಟ್ರೇಲಿಯಾ, ನಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಮರ. ಓಕ್ ಕುಟುಂಬಕ್ಕೂ ಅದಕ್ಕೂ ನಂಟಿಲ್ಲ. ವೈಟ್ ಓಕ್ ಆಮದು ಮರ, ಅದೂ ಒಂದೇ ಪ್ರಭೇದವಲ್ಲ: ಅಮೆರಿಕದ ಕ್ವೆರ್ಕಸ್ ಆಲ್ಬಾ ಜೊತೆ ಹತ್ತಿರದ ಹಲವು ಪ್ರಭೇದಗಳೂ ಅದೇ ಹೆಸರಲ್ಲಿ ಬರುತ್ತವೆ. ಟೇಬಲ್ಲಿಗೆ ಅದರಿಂದ ನಷ್ಟವಿಲ್ಲ. ನೋಡಿಕೊಳ್ಳಬೇಕಾದ್ದು ಓಕ್‌ನದೇ ಇನ್ನೊಂದು ಗುಂಪಾದ ರೆಡ್ ಓಕ್ ಬೆರೆತಿದೆಯಾ ಅಂತ.

ಪಾಲಿಶ್ ಹಾಕದ, ಎರಡಿಂಚಿನ ತುಂಡು ಕೇಳಿ. ಅಡ್ಡ ಕೊಯ್ದ ತುದಿಯನ್ನು ಹೊಸ ಬ್ಲೇಡಿನಿಂದ ಹೆರೆಯಿರಿ. ಉಪ್ಪುಕಾಗದ ಬೇಡ, ಪುಡಿ ತುಂಬಿ ರಂಧ್ರಗಳೇ ಮುಚ್ಚುತ್ತವೆ. 10 ಪಟ್ಟಿನ ಮಸೂರದಲ್ಲಿ ನಿಜವಾದ ಓಕ್‌ಗೆ ಪ್ರತಿ ವರ್ಷದ ಉಂಗುರದಲ್ಲೂ ದೊಡ್ಡ ರಂಧ್ರಗಳ ಸಾಲು ಕಾಣುತ್ತದೆ. ಸಿಲ್ವರ್ ಓಕ್‌ಗೆ ಅದಿಲ್ಲ. ಮೇಲ್ಮೈಯ ಮಿಂಚುವ ಪಟ್ಟೆಗಳನ್ನು ನಂಬಬೇಡಿ, ಅವು ಎರಡಕ್ಕೂ ಇರುತ್ತವೆ.

ಆಮೇಲೆ ತುಂಡಿನ ಒಂದು ತುದಿಯನ್ನು ಸೋಪಿನ ನೀರಲ್ಲಿಟ್ಟು ಇನ್ನೊಂದರಿಂದ ಜೋರಾಗಿ ಊದಿ. ಗುಳ್ಳೆ ಬಂದರೆ ರೆಡ್ ಓಕ್. ವೈಟ್ ಓಕ್‌ನ ಚೇಗಿನಲ್ಲಿ (ಕಾಂಡದ ಒಳಭಾಗದ ಮರ) ರಂಧ್ರಗಳು ಒಳಗೇ ಕಟ್ಟಿಕೊಂಡಿರುವುದರಿಂದ ಗಾಳಿ ದಾಟುವುದಿಲ್ಲ. ಚೆಲ್ಲಿದ ಸಾರು, ನೀರು ಬೇಗ ಒಳಗಿಳಿಯದಿರುವುದೂ ಅದಕ್ಕೇ. ತುಂಡಿನಲ್ಲಿ ಹೊರಭಾಗದ ಬಿಳಿ ಮರವಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ.

ಬಿಲ್ಲಿನಲ್ಲಿ ‘ವೈಟ್ ಓಕ್ ಫಿನಿಶ್’ ಅಂತಿದ್ದರೆ ಅದು ಬಣ್ಣದ ಮಾತು ಅಷ್ಟೇ. ನಿಜವಾದ ಓಕ್ ಯಾವುದೇ ಆದರೂ ಸ್ಟೇನ್‌ಲೆಸ್ ಸ್ಕ್ರೂನೇ ಹಾಕಿಸಿ. ಕಬ್ಬಿಣದ್ದು ಒದ್ದೆಯಾದರೆ ಮರದಲ್ಲಿರುವ ಟ್ಯಾನಿನ್ ಅನ್ನೋ ಒಗರು ಅಂಶದ ಜೊತೆ ಸೇರಿ ನೀಲಿಗಪ್ಪು ಕಲೆ ಬೀಳುತ್ತದೆ.