ಹೇಳಿದರೆ ಶಾಲೆ ಬಿಡಿಸುತ್ತಾರೆ

ನದಿದಂಡೆಯ ನಗರವೊಂದರ ಬಾಲಕಿಯರ ಪ್ರೌಢಶಾಲೆಯ ಈ ಪ್ರಕರಣವನ್ನು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದೇ ಸಂಕಟ ಹೊತ್ತ ಹುಡುಗಿಯರು ಮತ್ತೆ ಮತ್ತೆ ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುತ್ತಿದ್ದಾರೆ.

ಒಂಬತ್ತನೆಯ ತರಗತಿಯ ಈ ವಿದ್ಯಾರ್ಥಿನಿಗೆ ಶಾಲೆಯ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಹೊಟ್ಟೆನೋವು ಬರುತ್ತಿತ್ತು. ವೈದ್ಯರಿಗೆ ದೋಷವೇನೂ ಕಂಡಿರಲಿಲ್ಲ. ನದಿಯ ಮೆಟ್ಟಿಲುಗಳಿಂದ ಶಾಲೆಯ ಗೇಟಿನವರೆಗಿನ ಓಣಿಯಲ್ಲಿ ಯುವಕನೊಬ್ಬ ಬೈಕಿನಲ್ಲಿ ಹಿಂಬಾಲಿಸಿ ಅಶ್ಲೀಲವಾಗಿ ಮಾತನಾಡುತ್ತಿದ್ದುದು ಎರಡನೆಯ ಭೇಟಿಯಲ್ಲಿ ತಿಳಿಯಿತು. ಮನೆಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದರೆ ಅಪ್ಪ ಶಾಲೆ ಬಿಡಿಸುತ್ತಾರೆ, ಹೇಳದಿದ್ದರೆ ನಾನೇ ಬಿಡಬೇಕು. ಎರಡೂ ಒಂದೇ ಅಲ್ಲವಾ ಮೇಡಂ?"

ಆ ಯುವಕನಿಗಿಂತ ಮನೆಯವರು ಮಾಡಬಹುದಾದ ಪರಿಹಾರಕ್ಕೇ ಆಕೆ ಹೆಚ್ಚು ಹೆದರಿದ್ದಳು. ಹಾಗಾಗಿ ಪೊಲೀಸರಿಗೂ ಮೊದಲು ತಂದೆಯನ್ನು ಕರೆಸಿದೆ. ಏನೇ ಆದರೂ ಓದು ನಿಲ್ಲಿಸುವುದಿಲ್ಲವೆಂದು ಮಗಳ ಎದುರಿನಲ್ಲೇ ಮಾತು ಕೊಡಬೇಕೆಂದು ಕೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಮಾತು ಕೊಟ್ಟರು. ಆದರೆ ದೂರು ಬೇಡ, ಹೆಣ್ಣುಮಗಳನ್ನು ಠಾಣೆಯ ಮೆಟ್ಟಿಲು ಹತ್ತಿಸಲಾರೆ ಎಂದರು.

ಅವರ ಆತಂಕ ಸಹಜವಾದುದೇ, ಆದರೆ ಕಾನೂನು ಅವರು ತಿಳಿದಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದೂ ಅಪರಾಧ. ಅದಕ್ಕೆ 3 ವರ್ಷಗಳವರೆಗೆ ಸೆರೆವಾಸವಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು; ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಇಂಥ ವಿಷಯ ತಿಳಿದ ಮೇಲೆ ವರದಿ ಮಾಡುವುದು ನನ್ನ ಕರ್ತವ್ಯವೂ ಹೌದು. ಗುಟ್ಟು ಕಾಯುವ ನನ್ನ ಮಾತಿಗೆ ಈ ಮಿತಿಯಿದೆಯೆಂದು ಹುಡುಗಿಗೆ ಮೊದಲ ದಿನವೇ ತಿಳಿಸಿದ್ದೆ. ವರದಿ ಮಾಡಿ ಕುಟುಂಬದ ಇಚ್ಛೆಗೆ ವಿರುದ್ಧವಾಗಿ ನಡೆದುಕೊಂಡೆನೆಂದು ಕೆಲವರು ಆಕ್ಷೇಪಿಸಿದ್ದಾರೆ. ಮೌನವಾಗಿದ್ದರೆ ಅದೇ ಓಣಿಯಲ್ಲಿ ನಡೆಯುವ ಉಳಿದ ಮಕ್ಕಳಿಗೆ ನಾನೇನು ಉತ್ತರ ಹೇಳಲಿ?

ದಾರಿ ಬದಲಿಸುವ ಸಲಹೆಯನ್ನು ನಾನು ಕೊಡಲಿಲ್ಲ. ಸುತ್ತುದಾರಿ ಹಿಡಿದರೆ ಭಯ ಬೆಳೆಯುತ್ತದೆ, ತಪ್ಪು ತನ್ನದೇ ಎಂಬ ಭಾವನೆಯೂ ಬೇರೂರುತ್ತದೆ. ಬದಲಿಗೆ, ಜೊತೆಗಾತಿಯರೊಂದಿಗೆ ನಡೆಯುವುದು, ನಡೆದುದನ್ನು ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡುವುದು, ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಎಂದು ಹೇಳಿದೆ. ಶಾಲೆ ಬಿಡುವ ಹೊತ್ತಿಗೆ ಶಿಕ್ಷಕಿಯೊಬ್ಬರು ಗೇಟಿನ ಹೊರಗೆ ನಿಲ್ಲಲು ಮುಖ್ಯೋಪಾಧ್ಯಾಯಿನಿ ಏರ್ಪಾಡು ಮಾಡಿದರು. ಓಣಿಯ ನಿವಾಸಿಗಳು ಅವನನ್ನು ಎಷ್ಟೋ ಸಲ ನೋಡಿದ್ದರೂ ನಮಗೇಕೆಂದು ಸುಮ್ಮನಿದ್ದರು. ಅವರಲ್ಲಿ ಇಬ್ಬರು ಈಗ ಸಾಕ್ಷಿ ಹೇಳಲು ಒಪ್ಪಿದ್ದಾರೆ.